ಸಿಂಧಿಗಳ ಹೋರಾಟಕ್ಕೆ ನಾವು ತಟ್ಟುವ ಚಪ್ಪಾಳೆ

2021ರ ಜನವರಿಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಸನ್ನ್ ಎಂಬ ಊರಿನಲ್ಲಿ ಸಿಂಧಿ ನಾಯಕ ಜಿ.ಎಂ. ಸಯ್ಯದ್ ಅವರ ಜನ್ಮದಿನದ ಅಂಗವಾಗಿ ಮೆರವಣಿಗೆಯೊಂದು ನಡೆಯಿತು. ಅದರಲ್ಲಿ ಕೆಲವರು ಬೇರೆ ಬೇರೆ ದೇಶಗಳ ನಾಯಕರ ಚಿತ್ರಗಳನ್ನು ಹಿಡಿದಿದ್ದರು. ಅವುಗಳ ನಡುವೆ ನಮ್ಮ ಪ್ರಧಾನಿಯವರ ಚಿತ್ರವೂ ಇತ್ತು. ಭಾರತದ ಸುದ್ದಿವಾಹಿನಿಗಳು ಆ ಒಂದು ಚಿತ್ರವನ್ನೇ ದಿನವಿಡೀ ತೋರಿಸಿದವು. ಆ ಜನ ಬೀದಿಗಿಳಿದದ್ದು ಏತಕ್ಕೆ, ಅವರ ಬೇಡಿಕೆಗಳೇನು, ಸಯ್ಯದ್ ಎಂಬುವರು ಯಾರು ಎಂಬ ಪ್ರಶ್ನೆಗಳು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಸಿಂಧಿಗಳ ಮಾನವ ಹಕ್ಕುಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಇಷ್ಟಕ್ಕೇ ನಿಂತುಬಿಡುತ್ತದೆ: ನೆರೆಯ ದೇಶಕ್ಕೆ ಮುಜುಗರವಾದರೆ ಚಪ್ಪಾಳೆ, ಉಳಿದಂತೆ ಮೌನ. ಹೊರದೇಶಗಳಲ್ಲಿ ನೆಲೆಸಿ ಈ ಹೋರಾಟವನ್ನು ನಡೆಸುತ್ತಿರುವ ಸಿಂಧಿಗಳಿಗೆ ಈ ಚಪ್ಪಾಳೆಯಿಂದ ಎಂಥ ತೊಂದರೆಯಾಗುತ್ತಿದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ಈ ಬರಹ.

ನಾನು ಧಾರವಾಡದ ಕಡೆಯವನು, ಕೆಲಸದ ನಿಮಿತ್ತ ಲಂಡನ್ನಿನಲ್ಲಿದ್ದೇನೆ. ಸಿಂಧ್‌ನ ದಾದು ಜಿಲ್ಲೆಯಿಂದ ಬಂದು ಇಲ್ಲಿನ ಆಸ್ಪತ್ರೆಯೊಂದರಲ್ಲಿ ದುಡಿಯುವ ವೈದ್ಯರೊಬ್ಬರು ನನಗೆ ಸ್ನೇಹಿತರು. ಅವರನ್ನು ಇಲ್ಲಿ ಡಾಕ್ಟರು ಎಂದೇ ಕರೆಯುತ್ತೇನೆ. ನಮ್ಮಿಬ್ಬರ ಊರುಗಳಿಗೂ ಹಳೆಯ ನಂಟೊಂದಿದೆ. 1936ರ ಏಪ್ರಿಲ್ 1ರವರೆಗೆ ಸಿಂಧ್ ಕೂಡ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಂತೆಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ದೂರದ ಮುಂಬಯಿಯಲ್ಲಿ ಕುಳಿತವರು ತಮ್ಮ ಭಾಷೆಯನ್ನೂ ಬೇಸಾಯವನ್ನೂ ಅರಿಯರೆಂಬ ದೂರು ಎರಡೂ ಕಡೆ ಇತ್ತು. ಅವರು ನಮಗಿಂತ ಇಪ್ಪತ್ತು ವರ್ಷ ಮೊದಲೇ ಪ್ರತ್ಯೇಕವಾದರು. ನಾವು 1956ರಲ್ಲಿ ಒಂದಾದೆವು. ಆದರೆ ನಾವು ಒಂದಾಗುವುದಕ್ಕೆ ಸುಮಾರು ಒಂದು ವರ್ಷ ಮೊದಲು, 1955ರಲ್ಲಿ, ಪಾಕಿಸ್ತಾನ ಸರ್ಕಾರವು ಪಶ್ಚಿಮದ ಪ್ರಾಂತ್ಯಗಳನ್ನೆಲ್ಲ ಕಲಸಿ 'ಒನ್ ಯೂನಿಟ್' ಮಾಡಿದ್ದರಿಂದ ಸಿಂಧ್ ಎಂಬ ಪ್ರಾಂತ್ಯವೇ ಭೂಪಟದಿಂದ ಮರೆಯಾಗಿ, 1970ರಲ್ಲಷ್ಟೇ ಮರಳಿತು.

ಈ ಇತಿಹಾಸದ ಎಲ್ಲ ವ್ಯಂಗ್ಯವೂ ಸಯ್ಯದ್ ಅವರ ಬದುಕಿನಲ್ಲಿ ಕೂಡಿಬಂದಿದೆ. ಪಾಕಿಸ್ತಾನ ಬೇಕೆಂಬ ನಿರ್ಣಯವನ್ನು 1943ರಲ್ಲಿ ಸಿಂಧ್ ವಿಧಾನಸಭೆಯಲ್ಲಿ ಮಂಡಿಸಿದವರು ಅವರೇ. ಅದೇ ಪಾಕಿಸ್ತಾನದಲ್ಲಿ ಸಿಂಧಿ ಭಾಷೆಗೂ ಸಿಂಧಿ ರೈತನಿಗೂ ಜಾಗವಿಲ್ಲವೆಂದು ಮನಗಂಡು 1972ರಲ್ಲಿ ಜಿಯೇ ಸಿಂಧ್ ಚಳವಳಿಗೆ ನಾಂದಿ ಹಾಡಿದವರೂ ಅವರೇ. ಬದುಕಿನ ಸುಮಾರು ಮೂವತ್ತು ವರ್ಷಗಳನ್ನು ಸೆರೆಮನೆಯಲ್ಲಿ ಮತ್ತು ಗೃಹಬಂಧನದಲ್ಲಿ ಕಳೆದು 1995ರಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡರು. 1983ರಲ್ಲಿ ಜಿಯಾ ಉಲ್ ಹಕ್ ಅವರ ಸೇನಾಡಳಿತದ ವಿರುದ್ಧ ಪ್ರಜಾಪ್ರಭುತ್ವದ ಚಳವಳಿ ಎದ್ದಾಗ ಅತಿ ಹೆಚ್ಚು ಏಟು ತಿಂದದ್ದು ಸಿಂಧ್‌ನ ಹಳ್ಳಿಗಳು. ಹೊರದೇಶಗಳಲ್ಲಿ ಸಂಘಟನೆಗಳು ಹುಟ್ಟಿಕೊಂಡದ್ದು ಆ ದಮನದ ಹಿಂದೆಯೇ: ಉತ್ತರ ಅಮೆರಿಕದ ಸಿಂಧಿ ಸಂಘ 1984ರಲ್ಲಿ, ಲಂಡನ್ನಿನಲ್ಲಿ ವರ್ಲ್ಡ್ ಸಿಂಧಿ ಕಾಂಗ್ರೆಸ್ 1988ರಲ್ಲಿ.

ಇಲ್ಲೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಕನ್ನಡಿಗರಾದ ನಮಗೆ ಸಿಂಧಿ ಎಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಳಿಯ ಸಿಂಧಿ ಕಾಲೋನಿ, ಕುಮಾರಕೃಪಾ ರಸ್ತೆಯ ಸಿಂಧಿ ಹೈಸ್ಕೂಲು, ಸಂಪಂಗಿರಾಮನಗರದ ಸಿಂಧಿ ಆಸ್ಪತ್ರೆ, ಬಟ್ಟೆಯ ಅಂಗಡಿಗಳು ನೆನಪಾಗುತ್ತವೆ. ಇವರು 1947ರಲ್ಲಿ ಎಲ್ಲವನ್ನೂ ಬಿಟ್ಟು ಬಂದ ಹಿಂದೂ ಸಿಂಧಿಗಳು. ಇವರ ಬಂಧುಬಳಗ ಜಿಬ್ರಾಲ್ಟರ್, ಲಾಗೋಸ್, ಹಾಂಗ್‌ಕಾಂಗ್, ಮನಿಲಾಗಳಲ್ಲಿ ಹರಡಿದೆ. ಸಿಂಧ್‌ನ ಹೈದರಾಬಾದಿನ ವ್ಯಾಪಾರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಅಲ್ಲೆಲ್ಲ ಅಂಗಡಿ ತೆರೆದಿದ್ದರು. ಆದರೆ ಬ್ರಿಟಿಷ್ ಪ್ರಧಾನಿಯ ನಿವಾಸವಿರುವ ಡೌನಿಂಗ್ ಸ್ಟ್ರೀಟ್ ಎದುರಿನ ಕಾಲುದಾರಿಯಲ್ಲಿ ಮಳೆಯಲ್ಲಿ ನಿಂತು ಘೋಷಣೆ ಕೂಗುವವರಲ್ಲಿ ಹೆಚ್ಚಿನವರು ಇವರಲ್ಲ. ಅಲ್ಲಿ ನಿಲ್ಲುವವರು ಬಹುಪಾಲು ಎಪ್ಪತ್ತು-ಎಂಬತ್ತರ ದಶಕದಿಂದೀಚೆಗೆ ಸಿಂಧ್‌ನಿಂದ ನೇರವಾಗಿ ಬಂದ ವೈದ್ಯರು, ಇಂಜಿನಿಯರುಗಳು, ಆಶ್ರಯ ಕೋರಿ ಬಂದ ವಿದ್ಯಾರ್ಥಿ ನಾಯಕರು. ಹುಟ್ಟಿನಿಂದ ಹೆಚ್ಚಿನವರು ಮುಸಲ್ಮಾನರು. ಮೊದಲನೆಯವರಿಗೆ ಸಿಂಧ್ ಅಜ್ಜಿ ಹೇಳಿದ ಊರು, ಎರಡನೆಯವರಿಗೆ ಅಣ್ಣತಮ್ಮಂದಿರು ಇನ್ನೂ ಇರುವ ಊರು. ಡಾಕ್ಟರು ಒಮ್ಮೆ ಕಾಣೆಯಾದವರ ಭಾವಚಿತ್ರಗಳಿದ್ದ ಸಿಂಧಿ ಭಿತ್ತಿಪತ್ರವೊಂದನ್ನು ಇಲ್ಲಿನ ಸಿಂಧಿ ವ್ಯಾಪಾರಿಯೊಬ್ಬರ ಕೈಗಿತ್ತಾಗ, ಅರಬ್ಬಿ ಮೂಲದ ಆ ಲಿಪಿಯನ್ನು ಓದಲು ಬಾರದ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಡಾಕ್ಟರು ಗಟ್ಟಿಯಾಗಿ ಓದಿ ಹೇಳಿದ ಮೇಲೆ ಪ್ರತಿಯೊಂದು ಮಾತೂ ಅವರಿಗೆ ಅರ್ಥವಾಯಿತು. ಅಂದು ಸಂಜೆ ಅಂಗಡಿಯ ಗಾಜಿಗೆ ಅದನ್ನು ಅಂಟಿಸಲೂ ಒಪ್ಪಿದರು.

ಘೋಷಣೆ ಕೂಗುವುದು ಈ ಹೋರಾಟದ ಕಣ್ಣಿಗೆ ಕಾಣುವ ಭಾಗ. ನಿಜವಾದ ಕೆಲಸ ನಡೆಯುವುದು ಅಡುಗೆಮನೆಯ ಮೇಜಿನ ಮೇಲೆ, ರಾತ್ರಿ ಪಾಳಿ ಮುಗಿಸಿ ಬಂದವರ ಕೈಯಲ್ಲಿ. ಬಲವಂತದ ಕಣ್ಮರೆಗಳ ಕುರಿತು ವಿಶ್ವಸಂಸ್ಥೆಯು 1980ರಲ್ಲಿ ರಚಿಸಿದ ಕಾರ್ಯಪಡೆಯೊಂದು ಜಿನೀವಾದಲ್ಲಿದೆ. ಯಾರನ್ನಾದರೂ ಪೊಲೀಸರೋ ಗುಪ್ತಚರರೋ ಎತ್ತಿಕೊಂಡು ಹೋಗಿ, ಹಿಡಿದಿದ್ದೇವೆಂದೂ ಒಪ್ಪದೆ ಎಲ್ಲಿಟ್ಟಿದ್ದೇವೆಂದೂ ಹೇಳದೆ ಹೋದಾಗ, ಮನೆಯವರು ಅಥವಾ ಅವರ ಪರವಾಗಿ ಒಂದು ಸಂಸ್ಥೆ ಈ ಕಾರ್ಯಪಡೆಗೆ ಅರ್ಜಿ ಕೊಡಬಹುದು. ಘಟನೆ ನಡೆದು ಮೂರು ತಿಂಗಳೊಳಗಾಗಿದ್ದರೆ ಅದು ತುರ್ತು ಪ್ರಕರಣವಾಗಿ ಸರ್ಕಾರಕ್ಕೆ ಹೋಗುತ್ತದೆ. ಇದು ನ್ಯಾಯಾಲಯವಲ್ಲ, ಶಿಕ್ಷೆ ಕೊಡುವುದಿಲ್ಲ. ಆ ವ್ಯಕ್ತಿ ಎಲ್ಲಿ ಎಂಬ ಒಂದೇ ಪ್ರಶ್ನೆಯನ್ನು, ಉತ್ತರ ಸಿಗುವವರೆಗೂ ಕಡತ ಮುಚ್ಚದೆ, ಕೇಳುತ್ತಲೇ ಇರುತ್ತದೆ.

ಇಂಥ ಅರ್ಜಿಯೊಂದರ ಇಂಗ್ಲಿಷನ್ನು ತಿದ್ದಿಕೊಡಿ ಎಂದು ಡಾಕ್ಟರು ಕೇಳಿದ್ದರಿಂದ ಅದನ್ನು ಹತ್ತಿರದಿಂದ ನೋಡುವಂತಾಯಿತು. ಪೂರ್ತಿ ಹೆಸರು, ಕಾಣೆಯಾದ ದಿನ, ಕೊನೆಯ ಬಾರಿ ಕಂಡ ಜಾಗ, ಕರೆದೊಯ್ದವರು ಯಾರೆಂಬ ಅನುಮಾನ, ಮನೆಯವರು ಈವರೆಗೆ ಕೈಗೊಂಡ ಕ್ರಮಗಳು: ಮುಖ್ಯವಾದ ಅಂಕಣಗಳು ಇಷ್ಟೇ. ಒಂದೊಂದನ್ನೂ ತುಂಬಿಸುವುದು ಮಾತ್ರ ಹರಸಾಹಸ. ಕಾಣೆಯಾದ ಹುಡುಗನ ತಂದೆ ಧ್ವನಿ ಸಂದೇಶಗಳಲ್ಲಿ ಹೇಳುತ್ತಿದ್ದರು. ಒಂದರಲ್ಲಿ ಗುರುವಾರವೆಂದರೆ ಇನ್ನೊಂದರಲ್ಲಿ ಊರಿನ ಉರುಸಿನ ಮಾರನೆಯ ದಿನವೆನ್ನುತ್ತಿದ್ದರು, ಎರಡೂ ಒಂದೇ ದಿನವೇ ಎಂದು ಪಂಚಾಂಗ ಹಿಡಿದು ತಾಳೆ ನೋಡಬೇಕಾಯಿತು. ಬಂದವರು ಸಮವಸ್ತ್ರದಲ್ಲಿದ್ದರೇ, ವಾಹನಕ್ಕೆ ನಂಬರ್ ಪ್ಲೇಟ್ ಇತ್ತೇ, ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲವೆಂದರೆ ನಿರಾಕರಿಸಿದ ಅಧಿಕಾರಿ ಯಾರು ಎಂದು ಡಾಕ್ಟರು ರೋಗಿಯನ್ನು ವಿಚಾರಿಸುವ ಧಾಟಿಯಲ್ಲೇ ಕೇಳುತ್ತಿದ್ದರು. ಕೊನೆಗೆ ಉಳಿದದ್ದು ಒಪ್ಪಿಗೆಯ ಪ್ರಶ್ನೆ. ಮನೆಯವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಕಾರ್ಯಪಡೆ ಅರ್ಜಿಯನ್ನು ಪರಿಗಣಿಸುವುದಿಲ್ಲ. ತಂದೆ ಒಪ್ಪಿದ್ದರು. ಹುಡುಗನ ಅಣ್ಣ, ಸರ್ಕಾರಿ ಶಾಲೆಯ ಮೇಷ್ಟ್ರು, ಒಪ್ಪಲಿಲ್ಲ. ಜಿನೀವಾಕ್ಕೆ ಹೆಸರು ಹೋದರೆ ಅಲ್ಲಿಂದ ಇಸ್ಲಾಮಾಬಾದಿಗೆ ಹೋಗುತ್ತದೆ, ಆಮೇಲೆ ನನ್ನ ಕೆಲಸವೂ ಹೋಗುತ್ತದೆ, ತಮ್ಮನೂ ಬರುವುದಿಲ್ಲ ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ಆ ಮನೆಯೊಳಗಿನ ಚರ್ಚೆ ವಾರಗಟ್ಟಲೆ ನಡೆದು, ತುರ್ತು ಪ್ರಕರಣದ ಗಡುವು ಮುಗಿಯುವ ಹೊತ್ತಿಗೆ ತಾಯಿಯ ಹೆಸರಿನಲ್ಲಿ ಒಪ್ಪಿಗೆ ಬಂತು.

ಆ ಅಣ್ಣನ ಹೆದರಿಕೆಗೆ ಆಧಾರವಿಲ್ಲದಿರಲಿಲ್ಲ. ಸಿಂಧ್‌ನ ನಸೀರಾಬಾದಿನ ಶಾಲಾ ಶಿಕ್ಷಕ ಹಿದಾಯತುಲ್ಲಾ ಲೋಹಾರ್ ಅವರನ್ನು 2017ರಲ್ಲಿ ಎತ್ತಿಕೊಂಡು ಹೋದರು. ಅವರ ಹೆಣ್ಣುಮಕ್ಕಳಾದ ಸೊರಠ್ ಮತ್ತು ಸಸ್ಸುಯಿ, ಮನೆಯಿಂದ ಹೊರಬಂದು, ಕರಾಚಿ ಪ್ರೆಸ್ ಕ್ಲಬ್ಬಿನ ಮುಂದೆ ಧರಣಿ ಕುಳಿತರು, ಬಿಸಿಲಿನಲ್ಲಿ ನಡೆದರು, ತಮ್ಮಂತೆಯೇ ನೊಂದವರನ್ನು ಒಟ್ಟುಗೂಡಿಸಿ ಸಿಂಧ್‌ನಲ್ಲಿ ಕಾಣೆಯಾದವರ ದನಿಯೆಂಬ ಸಂಘಟನೆಯ ಮುಂಚೂಣಿಯಲ್ಲಿ ನಿಂತರು. ಲಂಡನ್, ವಾಷಿಂಗ್ಟನ್, ಜಿನೀವಾಗಳಲ್ಲಿನ ಸಿಂಧಿಗಳು ಆ ಹೆಸರನ್ನು ಹೋದಲ್ಲೆಲ್ಲ ಎತ್ತಿದರು. ಸುಮಾರು ಎರಡು ವರ್ಷಗಳ ನಂತರ ಲೋಹಾರ್ ಮನೆಗೆ ಮರಳಿದರು. ಹೊರಗಿನ ಒತ್ತಡ ಫಲ ಕೊಡುತ್ತದೆಂಬುದಕ್ಕೆ ಡಾಕ್ಟರಂಥವರು ಈ ಪ್ರಕರಣವನ್ನೇ ಉದಾಹರಿಸುತ್ತಿದ್ದರು. 2024ರ ಫೆಬ್ರವರಿಯಲ್ಲಿ ನಸೀರಾಬಾದಿನಲ್ಲೇ ಬಂದೂಕುಧಾರಿಗಳು ಅವರನ್ನು ಗುಂಡಿಟ್ಟು ಕೊಂದರು. ಆಮೇಲೆ ಆ ಉದಾಹರಣೆಯನ್ನು ಯಾರೂ ಕೊಡುತ್ತಿಲ್ಲ.

ಕಾನೂನಿನ ಕಡೆಯಿಂದ ಪರಿಹಾರ ಸಿಗುವುದೆಂಬ ನಿರೀಕ್ಷೆಯ ಕಥೆ ಇನ್ನೂ ವಿಚಿತ್ರವಾಗಿದೆ. ಬಲವಂತದ ಕಣ್ಮರೆಯನ್ನು ಅಪರಾಧವೆಂದು ಸಾರುವ ಮಸೂದೆಯನ್ನು ಪಾಕಿಸ್ತಾನದ ಸಂಸತ್ತಿನ ಕೆಳಮನೆಯು 2021ರ ನವೆಂಬರಿನಲ್ಲಿ ಅಂಗೀಕರಿಸಿ ಸೆನೆಟ್ಟಿಗೆ ಕಳುಹಿಸಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಆ ಮಸೂದೆಯೇ ಕಾಣೆಯಾಗಿದೆ ಎಂದು ಅಂದಿನ ಮಾನವ ಹಕ್ಕುಗಳ ಸಚಿವೆ ಶಿರೀನ್ ಮಜಾರಿ ಅವರೇ ಹೇಳಿದರು. ಇದನ್ನು ಓದಿ ನಗುವ ಮುನ್ನ ನಾವು ನೆನಪಿಡಬೇಕಾದ್ದೊಂದಿದೆ. ಈ ವಿಷಯದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಪಾಕಿಸ್ತಾನ ಸೇರಿಲ್ಲ, ನಿಜ. ಭಾರತವು 2007ರಲ್ಲಿ ಸಹಿ ಹಾಕಿತಾದರೂ ಇಂದಿಗೂ ಅದನ್ನು ಅನುಮೋದಿಸಿಲ್ಲ.

ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಮಾತನಾಡಲು ಮಾನ್ಯತೆ ಪಡೆದ ಸರ್ಕಾರೇತರ ಸಂಸ್ಥೆಯೊಂದರ ಹೆಸರು ಬೇಕು, ಸಿಗುವ ಸಮಯ ಒಂದೂವರೆ ಎರಡು ನಿಮಿಷ. ಸಿಂಧಿ ಕಾರ್ಯಕರ್ತರು ರಜೆ ಹಾಕಿ, ಕೈಯಿಂದ ಹಣ ಹಾಕಿ ಅಲ್ಲಿಗೆ ಹೋಗುತ್ತಾರೆ. ಕಟ್ಟಡದ ಎದುರು ಮುರಿದ ಕಾಲಿನ ಬೃಹತ್ ಕುರ್ಚಿಯ ಶಿಲ್ಪದ ಕೆಳಗೆ ಬ್ಯಾನರು ಹಿಡಿದು ನಿಲ್ಲುತ್ತಾರೆ. 2020ರ ಡಿಸೆಂಬರಿನಲ್ಲಿ ಯುರೋಪಿನ ಇಯು ಡಿಸ್‌ಇನ್ಫೋಲ್ಯಾಬ್ ಎಂಬ ಸಂಸ್ಥೆ ಹೊರಗೆಡವಿದ ಸಂಗತಿ ಇಂಥವರ ಕಾಲಕೆಳಗಿನ ನೆಲವನ್ನೇ ಕುಸಿಯುವಂತೆ ಮಾಡಿತು. ದೆಹಲಿಯ ವ್ಯಾಪಾರಿ ಸಮೂಹವೊಂದರ ಸುತ್ತ ಹೆಣೆದುಕೊಂಡ ಜಾಲವೊಂದು, ಮುಚ್ಚಿಹೋಗಿದ್ದ ಸರ್ಕಾರೇತರ ಸಂಸ್ಥೆಗಳ ಮಾನ್ಯತೆಯನ್ನು ಮತ್ತೆ ಜೀವಂತಗೊಳಿಸಿ, ಏಳುನೂರೈವತ್ತಕ್ಕೂ ಹೆಚ್ಚು ನಕಲಿ ಮಾಧ್ಯಮ ತಾಣಗಳನ್ನು ಕಟ್ಟಿ, ಪಾಕಿಸ್ತಾನದ ವಿರುದ್ಧ ವರ್ಷಗಟ್ಟಲೆ ಪ್ರಚಾರ ನಡೆಸಿತ್ತೆಂದು ಅದು ತೋರಿಸಿತು. 2006ರಲ್ಲೇ ತೀರಿಹೋದ ಪ್ರಾಧ್ಯಾಪಕರೊಬ್ಬರ ಹೆಸರೂ ಆಮೇಲಿನ ಸಭೆಗಳಿಗೆ ಬಂದವರ ಪಟ್ಟಿಯಲ್ಲಿತ್ತು. ಅಂದಿನಿಂದ ಜಿನೀವಾದಲ್ಲಿ ಯಾವ ಸಿಂಧಿ ಎದ್ದು ನಿಂತರೂ ಪಾಕಿಸ್ತಾನದ ಪ್ರತಿನಿಧಿಗೆ ಉತ್ತರ ಸಿದ್ಧವಾಗಿರುತ್ತದೆ: ಇವರು ಭಾರತದ ಬಾಡಿಗೆ ಬಂಟರು. ಮಗನನ್ನು ಕಳೆದುಕೊಂಡ ತಾಯಿಯ ಅರ್ಜಿಯೂ ಸತ್ತವರ ಹೆಸರಿನ ಸುಳ್ಳು ಹಾಜರಿಯೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳುವಂತಾಯಿತು. ಈ ಕೃತ್ಯವನ್ನು ದೇಶಭಕ್ತಿಯೆಂದು ಸಮರ್ಥಿಸುವವರು ನಮ್ಮ ನಡುವೆ ಇದ್ದಾರೆ. ಸಿಂಧಿಗಳಿಗೆ ಇದಕ್ಕಿಂತ ದೊಡ್ಡ ಅಪಕಾರವನ್ನು ಹೊರಗಿನವರು ಯಾರೂ ಮಾಡಿಲ್ಲವೆಂಬುದು ನನ್ನ ಅಭಿಪ್ರಾಯ.

ಹಿಂದೂ ಹೆಣ್ಣುಮಕ್ಕಳ ಬಲವಂತದ ಮತಾಂತರದ ವಿಚಾರವನ್ನು ನಮ್ಮವರು ಹೆಚ್ಚು ಬಲ್ಲರು, ಅದೂ ಅರ್ಧವಷ್ಟೇ. 2012ರಲ್ಲಿ ಘೋಟ್ಕಿ ಜಿಲ್ಲೆಯ ರಿಂಕಲ್ ಕುಮಾರಿಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರಲ್ಲಿ ಸಿಂಧ್ ವಿಧಾನಸಭೆ ಬಲವಂತದ ಮತಾಂತರದ ವಿರುದ್ಧ ಮಸೂದೆಯನ್ನು ಅಂಗೀಕರಿಸಿತು, ಧಾರ್ಮಿಕ ಪಕ್ಷಗಳು ಗದ್ದಲವೆಬ್ಬಿಸಿದ್ದರಿಂದ ರಾಜ್ಯಪಾಲರು ಅದನ್ನು ಹಿಂದಿರುಗಿಸಿದರು, ಅದು ಅಲ್ಲಿಗೇ ಮೂಲೆ ಸೇರಿತು. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಿಯಾ ಅಬ್ದುಲ್ ಹಕ್ ಎಂಬ ಭರ್ಚುಂಡಿಯ ಧರ್ಮಗುರುವಿನ ಮೇಲೆ ಬ್ರಿಟಿಷ್ ಸರ್ಕಾರ 2022ರ ಡಿಸೆಂಬರಿನಲ್ಲಿ ನಿರ್ಬಂಧ ವಿಧಿಸಿತು. ಆ ವ್ಯಕ್ತಿಯ ಹೆಸರನ್ನು ವರ್ಷಗಳ ಕಾಲ ಇಲ್ಲಿನ ಸಂಸದರ ಕಿವಿಗೆ ಹಾಕುತ್ತ ಬಂದವರಲ್ಲಿ ಡಾಕ್ಟರಂಥ ಮುಸಲ್ಮಾನ ಸಿಂಧಿಗಳೂ ಇದ್ದರೆಂಬುದು ನಮ್ಮ ವಾಟ್ಸಾಪ್ ಸಂದೇಶಗಳಲ್ಲಿ ಕಾಣಸಿಗದು. 2024ರ ಸೆಪ್ಟೆಂಬರಿನಲ್ಲಿ ಉಮರ್‌ಕೋಟ್‌ನ ವೈದ್ಯ ಶಾನವಾಜ್ ಕುಂಭರ್ ಅವರ ಮೇಲೆ ಧರ್ಮನಿಂದನೆಯ ಆರೋಪ ಬಂದು, ಪೊಲೀಸರು ಎನ್‌ಕೌಂಟರ್ ಹೆಸರಿನಲ್ಲಿ ಅವರನ್ನು ಕೊಂದರು. ಅದು ನಕಲಿಯೆಂದು ಪ್ರಾಂತೀಯ ಸರ್ಕಾರದ ತನಿಖೆಯೇ ಒಪ್ಪಿಕೊಂಡಿತು. ಉದ್ರಿಕ್ತ ಗುಂಪು ಶವಕ್ಕೆ ಬೆಂಕಿ ಹಚ್ಚಿದಾಗ ಅದನ್ನು ಕಾಪಾಡಲು ಮುಂದಾದವನು ಕೋಲ್ಹಿ ಸಮುದಾಯದ ಒಬ್ಬ ಬಡ ಹಿಂದೂ. ಸತ್ತವರು ಮುಸಲ್ಮಾನರು, ಕೊಂದವರು ಮುಸಲ್ಮಾನರು, ಕರಾಚಿಯಲ್ಲಿ ಪ್ರತಿಭಟಿಸಿ ಲಾಠಿಯೇಟು ತಿಂದವರಲ್ಲಿ ಎಲ್ಲರೂ ಇದ್ದರು. ಹಿಂದೂ-ಮುಸ್ಲಿಂ ಕನ್ನಡಕದಲ್ಲಿ ನೋಡುವವರಿಗೆ ಈ ಸುದ್ದಿ ಉಪಯೋಗಕ್ಕೆ ಬರಲಿಲ್ಲವೋ ಏನೋ, ನಮ್ಮಲ್ಲಿ ಹೆಚ್ಚು ಓಡಾಡಲಿಲ್ಲ.

ಹೊರದೇಶದ ಸಿಂಧಿಗಳನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಅವರಲ್ಲಿ ಸಿಂಧುದೇಶವೆಂಬ ಸ್ವತಂತ್ರ ರಾಷ್ಟ್ರ ಬೇಕೆನ್ನುವವರಿದ್ದಾರೆ, ಪಾಕಿಸ್ತಾನದೊಳಗೇ ಸ್ವಾಯತ್ತತೆ ಸಾಕೆನ್ನುವವರಿದ್ದಾರೆ, ರಾಜಕೀಯವೇ ಬೇಡ, ಪ್ರವಾಹ ಬಂದಾಗ ನೆರವು ಕಳುಹಿಸೋಣ ಎನ್ನುವವರಿದ್ದಾರೆ. ಒಂದೇ ಸಭಾಂಗಣದಲ್ಲಿ ಈ ಮೂವರೂ ಸೇರಿದರೆ ಊಟದ ಹೊತ್ತಿಗೆ ಜಗಳ ಖಚಿತ. ಬಂದೂಕು ಹಿಡಿದ ಸಣ್ಣ ಗುಂಪುಗಳನ್ನು ಪಾಕಿಸ್ತಾನ 2020ರಲ್ಲಿ ನಿಷೇಧಿಸಿತು. ಆ ಗುಂಪುಗಳ ಹಿಂಸೆಯನ್ನು ಬಾಯಿಬಿಟ್ಟು ಖಂಡಿಸಲು ಹಿಂಜರಿಯುವ ಕಾರ್ಯಕರ್ತರು ತಮ್ಮ ಮಾತಿನ ತೂಕವನ್ನು ತಾವೇ ಕಳೆದುಕೊಳ್ಳುತ್ತಾರೆ. ಇನ್ನೂ ದೊಡ್ಡ ಕೊರತೆಯೆಂದರೆ, ಸೇನೆಯನ್ನೂ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯವನ್ನೂ ದೂರುವ ಗಂಟಲುಗಳು ಸಿಂಧ್‌ನದೇ ವಡೇರಾಗಳ, ಅಂದರೆ ಜಮೀನುದಾರರ, ವಿಷಯ ಬಂದಾಗ ತಗ್ಗುತ್ತವೆ. 2021ರ ನವೆಂಬರಿನಲ್ಲಿ ಕರಾಚಿಯ ಹೊರವಲಯದಲ್ಲಿ ನಾಜಿಮ್ ಜೋಖಿಯೊ ಎಂಬ ಯುವಕ, ವಿದೇಶಿ ಅತಿಥಿಗಳು ಹಕ್ಕಿ ಬೇಟೆಗೆ ಬಂದದ್ದನ್ನು ವಿಡಿಯೊ ಮಾಡಿದ್ದಕ್ಕಾಗಿ ಕೊಲೆಯಾದ. ಆರೋಪ ಬಂದದ್ದು ಸಿಂಧ್‌ನ ಆಡಳಿತ ಪಕ್ಷದ ಶಾಸಕರ ಮೇಲೆ, ಕೊನೆಗೆ ಮನೆಯವರು ಕ್ಷಮಿಸಿದರೆಂದು ಪ್ರಕರಣ ಸಡಿಲವಾಯಿತು. ಈ ಹೆಸರನ್ನೂ ಕಾಣೆಯಾದವರ ಹೆಸರುಗಳಷ್ಟೇ ಗಟ್ಟಿಯಾಗಿ ಕೂಗಬೇಕೆಂದು ಇಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಸಭೆಯಲ್ಲಿ ಪಟ್ಟು ಹಿಡಿದಾಗ ಹಿರಿಯರು ತಲೆ ತಗ್ಗಿಸಿದ್ದನ್ನು ಕಂಡಿದ್ದೇನೆ.

ನೀರಿನ ವಿಷಯಕ್ಕೆ ಬಂದರೆ ಕನ್ನಡಿಗನಾದ ನನಗೆ ಸ್ವಲ್ಪ ಇರಿಸುಮುರಿಸು. ಕಾವೇರಿಯಲ್ಲಿ ನಾವು ಮೇಲಿನವರು; ಸಿಂಧೂ ನದಿಯಲ್ಲಿ ಅವರು ಎಲ್ಲರಿಗಿಂತ ಕೆಳಗಿನವರು. ಪ್ರಾಂತ್ಯಗಳ ನಡುವಿನ 1991ರ ಒಪ್ಪಂದದಲ್ಲಿ ಪಂಜಾಬಿಗೆ 55.94, ಸಿಂಧ್‌ಗೆ 48.76 ದಶಲಕ್ಷ ಎಕರೆ ಅಡಿ ನೀರು ಎಂದು ಬರೆದಿದೆ. ಅಳತೆಯನ್ನು ನಂಬದಿರುವುದು, ಬರದ ವರ್ಷದಲ್ಲಿ ಕೊರತೆಯನ್ನು ಯಾರು ಹೊರಬೇಕೆಂಬ ಜಗಳ, ಇವೆಲ್ಲ ನಮಗೂ ಪರಿಚಿತ. ಪರಿಚಿತವಲ್ಲದ್ದು ಕೋಟ್ರಿ ಅಣೆಕಟ್ಟೆಯ ಕೆಳಗಿನ ಸ್ಥಿತಿ. ಸಿಹಿನೀರು ಹರಿಯದೆ ಠಟ್ಟಾ, ಬದೀನ್, ಸುಜಾವಲ್ ಜಿಲ್ಲೆಗಳ ಹೊಲಗಳಿಗೆ ಸಮುದ್ರವೇ ನುಗ್ಗಿದೆ, ಭತ್ತ ಬೆಳೆಯುತ್ತಿದ್ದವರು ಊರು ಬಿಟ್ಟಿದ್ದಾರೆ. 2025ರ ಫೆಬ್ರವರಿಯಲ್ಲಿ ಪಂಜಾಬಿನ ಚೋಲಿಸ್ತಾನ್ ಮರುಭೂಮಿಗೆ ಹೊಸ ಕಾಲುವೆ ತೋಡುವ ಯೋಜನೆಗೆ ಸೇನಾ ಮುಖ್ಯಸ್ಥರ ಸಮ್ಮುಖದಲ್ಲೇ ಚಾಲನೆ ಸಿಕ್ಕಿತು. ಸಿಂಧ್‌ನ ವಕೀಲರು ಏಪ್ರಿಲಿನಲ್ಲಿ ಸುಕ್ಕೂರಿನ ಬಳಿಯ ಬಬರ್ಲೋಯಿಯಲ್ಲಿ ಹೆದ್ದಾರಿ ತಡೆದು ಕುಳಿತರು, ಲಂಡನ್ನಿನಲ್ಲೂ ಪ್ರತಿಭಟನೆಗಳಾದವು, ಏಪ್ರಿಲ್ 28ರಂದು ಯೋಜನೆಯನ್ನು ಕೈಬಿಡಲಾಯಿತು. ಸಿಂಧಿಗಳು ಬಹುಕಾಲದ ನಂತರ ಕಂಡ ಗೆಲುವು ಅದು.

ಅದಕ್ಕೆ ಐದು ದಿನಗಳ ಮೊದಲು, ಪಹಲ್ಗಾಮಿನ ಹತ್ಯಾಕಾಂಡದ ಮರುದಿನ, ಭಾರತವು ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತ್ತು. ಹನಿ ನೀರೂ ಬಿಡುವುದಿಲ್ಲವೆಂದು ನಮ್ಮವರು ಸಂಭ್ರಮಿಸಿದರು. ಆ ನದಿಯ ಕಟ್ಟಕಡೆಯಲ್ಲಿ ಕುಳಿತವರು ನಾವು ಚಪ್ಪಾಳೆ ತಟ್ಟುತ್ತಿದ್ದ ಸಿಂಧಿಗಳೇ ಎಂಬುದು ಯಾರಿಗೂ ಹೊಳೆಯಲಿಲ್ಲ. ಅಮಾಯಕರನ್ನು ಕೊಂದವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬದೀನಿನ ಬೆಸ್ತನಿಗೂ ಆ ಕೃತ್ಯಕ್ಕೂ ಏನು ಸಂಬಂಧವೆಂದು ಕೇಳುವ ಹಕ್ಕೂ ನಮಗಿರಬೇಕಲ್ಲವೇ? ಆ ವಾರ ಡಾಕ್ಟರ ಗುಂಪು ಕರಪತ್ರವೊಂದನ್ನು ಸಿದ್ಧಪಡಿಸುತ್ತಿತ್ತು. ಮೊದಲ ಭಾಗದಲ್ಲಿ ಪಂಜಾಬಿನ ಕಾಲುವೆಗಳಿಗೆ ವಿರೋಧ, ಎರಡನೆಯ ಭಾಗದಲ್ಲಿ ನದಿಯನ್ನು ಯಾವ ದೇಶವೂ ಆಯುಧವಾಗಿ ಬಳಸಕೂಡದೆಂಬ ಮಾತು. ಎರಡನೆಯದನ್ನು ತೆಗೆದುಬಿಟ್ಟರೆ ಭಾರತದ ವಾಹಿನಿಗಳಲ್ಲಿ ಒಳ್ಳೆಯ ಪ್ರಚಾರ ಸಿಗುತ್ತದೆ ಎಂದು ಒಬ್ಬರು ಸೂಚಿಸಿದರು. ಡಾಕ್ಟರು ನನ್ನತ್ತ ತಿರುಗಿ, ನೀವೇನು ಹೇಳುತ್ತೀರಿ ಎಂದರು. ಎರಡೂ ಇರಲಿ, ಬೇಕಿದ್ದರೆ ಎರಡನೆಯದನ್ನೇ ಮೇಲಕ್ಕೆ ತನ್ನಿ ಎಂದೆ. ಕರಪತ್ರ ಎರಡೂ ಭಾಗಗಳೊಂದಿಗೇ ಅಚ್ಚಾಯಿತು. ಭಾರತದ ವಾಹಿನಿಗಳಿಗೂ ಅದನ್ನು ಕಳುಹಿಸಿದ್ದೆವು, ಒಂದರಿಂದಲೂ ಉತ್ತರ ಬರಲಿಲ್ಲ.